ನಹಾರಿಯನ್ನು ಮುಂಜಾವಿಗೆ ಮರಳಿಸೋಣ

ಹೈದರಾಬಾದಿಗೆ ಹೋಗಿ ಬಂದವರನ್ನು ಕಲಬುರಗಿ, ಬೀದರ್, ರಾಯಚೂರು ಕಡೆಯ ನಮ್ಮ ಮನೆಗಳಲ್ಲಿ ಮೊದಲು ಕೇಳುವುದು, "ಡಾಕ್ಟರ್ ಏನಂದರು?" ಎಂದು. ಅದರ ಬೆನ್ನಿಗೇ ಬರುವ ಪ್ರಶ್ನೆ, "ನಹಾರಿ ಎಲ್ಲಿ ತಿಂದಿರಿ?" ಈ ಎರಡು ಪ್ರಶ್ನೆಗಳಿಗೆ ಏನಾದರೂ ಸಂಬಂಧವಿದೆಯೇ ಎಂದು ನಾವು ಯೋಚಿಸುವುದು ಕಡಿಮೆ.

ಹೃದಯದ ತಪಾಸಣೆಗೆಂದು ಅಬ್ಬಾರನ್ನು ಕರೆದುಕೊಂಡು ಹೋದ ಮಗ, ಮರುದಿನ ಬೆಳಗಿನ ಜಾವ ಅದೇ ಅಬ್ಬಾರನ್ನು ಆಟೋದಲ್ಲಿ ಕೂರಿಸಿಕೊಂಡು ಹಳೇ ಶಹರದಲ್ಲಿ ಒಳ್ಳೆಯ ನಹಾರಿ ಹುಡುಕುತ್ತಾನೆ. ಅಬ್ಬಾರಿಗೆ ಖುಷಿ, ಮಗನಿಗೆ ಸಮಾಧಾನ. ಹೆತ್ತವರ ಬಾಯಿಗೆ ರುಚಿಯಾದದ್ದನ್ನು ಉಣಿಸುವುದೂ ಖಿದ್ಮತ್‌ನ ಒಂದು ಭಾಗವೇ. ಆದ್ದರಿಂದ ನಹಾರಿ ತಿನ್ನಲೇಬೇಡಿ ಎಂದು ಹೇಳಲು ನಾನು ಈ ಪುಟದಲ್ಲಿ ಬರೆಯುತ್ತಿಲ್ಲ. ಹಾಗೆ ಹೇಳಿದರೆ ನೀವು ಪುಟ ತಿರುಗಿಸುತ್ತೀರಿ, ಮುಂದಿನ ಸಲ ಹೈದರಾಬಾದಿಗೆ ಹೋದಾಗ ತಿಂದೇ ತಿನ್ನುತ್ತೀರಿ. ನಾನು ಕೇಳುವುದು ಇಷ್ಟೇ: ಎಲ್ಲಿ ತಿನ್ನಬೇಕು ಎಂದು ಹುಡುಕುವಷ್ಟೇ ಶ್ರದ್ಧೆಯಿಂದ, ಯಾವ ಹೊತ್ತಿಗೆ, ಯಾವ ದೇಗಿನಿಂದ, ಎಷ್ಟು ತಿನ್ನಬೇಕು ಎಂದೂ ವಿಚಾರಿಸೋಣ.

ಹೆಸರಿನಲ್ಲೇ ಹೊತ್ತು ಇದೆ

ಅರಬಿಯಲ್ಲಿ 'ನಹಾರ್' ಎಂದರೆ ಹಗಲು. ನಿಹಾರಿ, ನಹಾರಿ ಎಂಬ ಹೆಸರು ಬಂದದ್ದು ಅದರಿಂದ. ಮೊಘಲರ ಕೊನೆಯ ಕಾಲದ ದಿಲ್ಲಿಯಲ್ಲಿ ಇದು ರೂಢಿಗೆ ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ರಾತ್ರಿ ಇಶಾ ಆದ ಮೇಲೆ ದೇಗನ್ನು ಸಣ್ಣ ಉರಿಯ ಮೇಲಿಟ್ಟರೆ ಫಜ್ರ್ ಹೊತ್ತಿಗೆ ಮಾಂಸ ಎಲುಬು ಬಿಟ್ಟು ಬರುತ್ತಿತ್ತು. ನಮಾಝ್ ಮುಗಿಸಿದವರು ಬಿಸಿ ರೊಟ್ಟಿಯೊಡನೆ ತಿಂದು ಕೆಲಸಕ್ಕೆ ಹೊರಡುತ್ತಿದ್ದರು. ಕಲ್ಲು ಹೊರುವವರು, ಗಾಡಿ ಎಳೆಯುವವರು, ಗಾರೆ ಕೆಲಸದವರು, ಹೀಗೆ ದಿನವಿಡೀ ಮೈ ಮುರಿದು ದುಡಿಯುವವರಿಗೆ ಅದು ಹೊಟ್ಟೆ ಹಿಡಿದು ನಿಲ್ಲುವ ನಾಷ್ಟಾ ಆಗಿತ್ತು.

ದಿಲ್ಲಿಯ ನಿಹಾರಿಗೂ ಹೈದರಾಬಾದಿನ ನಹಾರಿಗೂ ವ್ಯತ್ಯಾಸವಿದೆ. ದಿಲ್ಲಿಯಲ್ಲಿ ಕಾಲಿನ ಗಟ್ಟಿ ಮಾಂಸವನ್ನು ಬೇಯಿಸಿ, ಹಿಟ್ಟು ಕಲಸಿ ಹಾಕಿ ಗಟ್ಟಿ ಸಾಲನ್ ಮಾಡುತ್ತಾರೆ. ಹೈದರಾಬಾದಿನದು ಹೆಚ್ಚಾಗಿ ಕುರಿಯ ಪಾಯ ಮತ್ತು ಝಬಾನಿನ ತೆಳು ಶೋರ್ಬಾ. ಅದಕ್ಕೆ ಪೋಟ್ಲಿ ಮಸಾಲೆ ಬೀಳಬೇಕು. ಲಾವಂಚದ ಬೇರು, ಕಲ್ಲುಹೂವು, ಒಣಗಿದ ಗುಲಾಬಿ ಎಸಳು, ಗಂಧದ ಪುಡಿ ಮುಂತಾದವನ್ನು ಬಟ್ಟೆಯಲ್ಲಿ ಕಟ್ಟಿ ದೇಗಿನೊಳಗೆ ಬಿಟ್ಟಿರುತ್ತಾರೆ. ಜೊತೆಗೆ ನಾಲ್ಕು ಮೂಲೆಯ ಚಾರ್ ಕೋನಿ ನಾನ್ ಅಥವಾ ಕುಲ್ಚಾ. ಪುರಾನಿ ಹವೇಲಿ ಕಡೆ ಈ ನಾನ್ ಸುಡುವ ಪರಂಪರೆ ಹಳೆಯದು. ಅಲ್ಲಿನ ಮುನ್ಶಿ ನಾನ್ ಶುರುವಾದದ್ದು 1851ರಲ್ಲಿ. ನಹಾರಿ ಬೇಕಾದವರು ಚಾರ್‌ಮಿನಾರಿನಿಂದ ಮದೀನಾ ಬಿಲ್ಡಿಂಗ್, ಘಾನ್ಸಿ ಬಜಾರ್, ನಯಾಪುಲ್ ಕಡೆ ಬೆಳಗಿನ ಜಾವ ನಡೆದರೆ ಸಾಕು, ವಾಸನೆಯೇ ದಾರಿ ತೋರಿಸುತ್ತದೆ.

ನಮಗೂ ಈ ರುಚಿ ಹೊರಗಿನದಲ್ಲ. 1948ರವರೆಗೆ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ನಿಜಾಮರ ಆಡಳಿತದಲ್ಲಿದ್ದವು. 1956ರಲ್ಲಿ ಈ ಕಡೆ ಸೇರಿದವು. ನಕ್ಷೆಯಲ್ಲಿ ಗೆರೆ ಬಂತು, ಅಡುಗೆ ಮನೆಯಲ್ಲಿ ಬರಲಿಲ್ಲ. ಬೆಳಗ್ಗೆಯೇ ತಹಾರಿ ತಿನ್ನುವ ಕಲಬುರಗಿಯವರಿಗೆ ಬೆಳಗ್ಗೆಯೇ ನಹಾರಿ ತಿನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ.

ನಾಷ್ಟಾ ನಡುರಾತ್ರಿಯ ಊಟವಾದದ್ದು

ಈಗ ಹೊತ್ತು ಬದಲಾಗಿದೆ. ಹೈದರಾಬಾದಿನಲ್ಲಿ, ಬೆಂಗಳೂರಿನ ಶಿವಾಜಿನಗರ, ಫ್ರೇಜರ್ ಟೌನ್ ಕಡೆಯೂ ಪಾಯ, ನಹಾರಿ ತಿನ್ನಲು ಯುವಕರು ಹೊರಡುವುದು ರಾತ್ರಿ ಹನ್ನೊಂದರ ಮೇಲೆ. ರಮಝಾನಿನಲ್ಲಿ ಸಹರಿಯ ನೆಪವಿರುತ್ತದೆ. ಉಳಿದ ಹನ್ನೊಂದು ತಿಂಗಳು ಯಾವ ನೆಪವೂ ಬೇಕಾಗಿಲ್ಲ. ಒಂದು ಗಂಟೆಗೆ ಕೊಬ್ಬು ತೇಲುವ ಶೋರ್ಬಾ, ಎರಡು ನಾನ್, ಮೇಲೊಂದು ತಂಪು ಪಾನೀಯ. ಎರಡಕ್ಕೆ ಮನೆಗೆ ಬಂದು ಹಾಸಿಗೆ.

ಕೊಬ್ಬು ಹೆಚ್ಚಿರುವ ಊಟ ಹೊಟ್ಟೆಯಿಂದ ಮುಂದಕ್ಕೆ ಸರಿಯಲು ಹೆಚ್ಚು ಹೊತ್ತು ಬೇಕು. ತುಂಬಿದ ಹೊಟ್ಟೆಯಲ್ಲಿ ಮಲಗಿದರೆ ಆಮ್ಲ ಅನ್ನನಾಳಕ್ಕೆ ಏರುತ್ತದೆ. ಎದೆಯುರಿ, ಹುಳಿತೇಗು, ಬೆಳಗ್ಗೆ ಗಂಟಲು ಕೆರೆತ ಬರುವುದು ಹೀಗೆ. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಇರಲಿ ಎಂದು ವೈದ್ಯರು ಹೇಳುವುದು ಇದಕ್ಕೇ. ನಿದ್ದೆ ಕೆಟ್ಟವನಿಗೆ ಮರುದಿನ ಹಸಿವೂ ಸರಿಯಾದ ಹೊತ್ತಿಗೆ ಆಗುವುದಿಲ್ಲ.

ಇನ್ನೊಂದು ನಷ್ಟವನ್ನು ವೈದ್ಯರು ಚೀಟಿಯಲ್ಲಿ ಬರೆಯುವುದಿಲ್ಲ. ಫಜ್ರ್ ನಮಾಝ್ ಮುಗಿಸಿ ಬಂದವರಿಗೆಂದೇ ಹುಟ್ಟಿದ ತಿನಿಸು ಇಂದು ಫಜ್ರ್ ತಪ್ಪಿಸುವ ತಿನಿಸಾಗಿದೆ. ಮಸೀದಿಯಿಂದ ಹೊರಬಂದವರು ಕೂಡಿ ಕೂತು ತಿನ್ನುತ್ತಿದ್ದ ಊಟದ ಹೆಸರಿನಲ್ಲೇ ನಮ್ಮ ಹುಡುಗರು ಅದಾನ್ ಕೂಗುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದಾರೆ. ಇದನ್ನು ತಂದೆ ತಾಯಂದಿರು ಮಕ್ಕಳೊಡನೆ ಕೂತು ಮಾತಾಡಬೇಕು. ಗದರಬೇಡಿ. "ನಾಳೆ ಫಜ್ರ್ ಆದ ಮೇಲೆ ನಾನೇ ಕರೆದುಕೊಂಡು ಹೋಗುತ್ತೇನೆ, ಬಾ" ಎಂದು ಹೇಳಿ ನೋಡಿ.

ನಾವು ತಂದ ಪಾರ್ಸೆಲ್

ಕೆಲವು ವರ್ಷಗಳ ಹಿಂದೆ ನಮ್ಮ ಕುಟುಂಬದಲ್ಲೇ ನಡೆದದ್ದು ಹೇಳುತ್ತೇನೆ. ಹೈದರಾಬಾದಿನಲ್ಲಿ ಶಾದಿ ಮುಗಿಸಿ ಮರಳುವ ದಿನ, ಬೆಳಗ್ಗೆ ಆರಕ್ಕೆ ಹಳೇ ಶಹರದ ಒಂದು ಹೋಟೆಲಿನಲ್ಲಿ ನಹಾರಿ ತಿಂದೆವು. ಊರಿನಲ್ಲಿ ಉಳಿದಿದ್ದ ದಾದಿ ಮತ್ತು ಮಕ್ಕಳಿಗೆಂದು ನಾಲ್ಕು ಕವರ್ ಪಾರ್ಸೆಲ್ ಕಟ್ಟಿಸಿಕೊಂಡೆವು. ಬೇಸಿಗೆ. ದಾರಿಯಲ್ಲಿ ನೆಂಟರ ಮನೆಗೆ ಹೊಕ್ಕು, ಚಹಾ ಕುಡಿದು, ಕಲಬುರಗಿ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಕವರು ಇನ್ನೂ ಬೆಚ್ಚಗಿತ್ತು. "ಬಿಸಿ ಇದೆಯಲ್ಲ" ಎಂದು ಸ್ವಲ್ಪ ಕಾಯಿಸಿ ಬಡಿಸಿದೆವು.

ಅದೇ ರಾತ್ರಿ ಊರಿನಲ್ಲಿ ತಿಂದವರಲ್ಲಿ ಐದು ಜನರಿಗೆ ಹೊಟ್ಟೆನುಲಿತ, ಭೇದಿ. ಮಕ್ಕಳು ಮರುದಿನ ಸಂಜೆಗೆ ಚೇತರಿಸಿಕೊಂಡರು. ಸಕ್ಕರೆ ಕಾಯಿಲೆಯಿದ್ದ ದಾದಿ ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಬೇಕಾಯಿತು. ನಾವೆಲ್ಲ ಹೋಟೆಲಿನವನನ್ನು ಬೈದೆವು. ವೈದ್ಯರು ಒಂದೇ ಪ್ರಶ್ನೆ ಕೇಳಿದರು: "ಅಲ್ಲೇ ಕೂತು ತಿಂದವರಿಗೆ ಏನಾಯಿತು?" ನಮಗೆ ಏನೂ ಆಗಿರಲಿಲ್ಲ. ತಪ್ಪು ನಮ್ಮ ಕಾರಿನ ಹಿಂದಿನ ಸೀಟಿನಲ್ಲಿತ್ತು.

ಹೀಗೇಕಾಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಮಾಂಸದಲ್ಲಿ, ಮಸಾಲೆಯಲ್ಲಿ, ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಕುದಿಸಿದರೂ ಇವು ಸಾಯದೆ ಉಳಿಯಬಹುದು. ದೇಗು ಉರಿಯ ಮೇಲೆ ಕುದಿಯುತ್ತಿರುವಷ್ಟು ಹೊತ್ತು ಇವು ಸುಮ್ಮನಿರುತ್ತವೆ. ಸಾರು ತಣಿಯುತ್ತಾ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದಾಗ ಎಚ್ಚರಗೊಳ್ಳುತ್ತವೆ. 45 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ಕೈಗೆ 'ಬೆಚ್ಚಗೆ' ಅನ್ನಿಸುವ ಹದದಲ್ಲಿ, ಬಲು ಬೇಗ ಹೆಚ್ಚುತ್ತವೆ. ದೊಡ್ಡ ಪಾತ್ರೆಯ ಮಾಂಸದ ಸಾರು ನಿಧಾನವಾಗಿ ತಣಿಯುವುದರಿಂದ ಈ ಹದದಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ತಿಂದ 6ರಿಂದ 24 ಗಂಟೆಯೊಳಗೆ ಹೊಟ್ಟೆನುಲಿತ, ಭೇದಿ ಶುರುವಾಗುತ್ತದೆ. ಗಟ್ಟಿಮುಟ್ಟಾದವರಿಗೆ ಒಂದು ದಿನದಲ್ಲಿ ಗುಣವಾಗಬಹುದು. ವಯಸ್ಸಾದವರಿಗೆ, ಎಳೆ ಮಕ್ಕಳಿಗೆ, ಗರ್ಭಿಣಿಯರಿಗೆ, ಸಕ್ಕರೆ ಮತ್ತು ಕಿಡ್ನಿ ತೊಂದರೆಯಿರುವವರಿಗೆ ಮೈಯ ನೀರು ಇಳಿಯುವುದೇ ದೊಡ್ಡ ಅಪಾಯ.

ಹಾಗಾಗಿ ರಾತ್ರಿಯಿಡೀ ಬೇಯುವ ನಹಾರಿಯನ್ನು ಕಂಡು ಹೆದರಬೇಕಾಗಿಲ್ಲ. ಉರಿಯ ಮೇಲೆ ಕುದಿಯುತ್ತಿರುವ ದೇಗು ತಕ್ಕಮಟ್ಟಿಗೆ ಕ್ಷೇಮ. ಉರಿ ಆರಿಸಿ ಮುಚ್ಚಿಟ್ಟ ದೇಗು ಕ್ಷೇಮವಲ್ಲ. ನಿನ್ನೆ ಉಳಿದದ್ದನ್ನು ಇವತ್ತಿನ ದೇಗಿಗೆ ಸುರಿಯುವ ಪದ್ಧತಿಯನ್ನು ಕೆಲವರು ರುಚಿಯ ಗುಟ್ಟು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಉಳಿದದ್ದನ್ನು ಬೇಗ ತಣಿಸಿ ಫ್ರಿಜ್ಜಿನಲ್ಲಿ ಇಟ್ಟಿರದಿದ್ದರೆ ಅದು ನಿನ್ನೆಯ ರೋಗವನ್ನು ಇವತ್ತಿಗೆ ಸಾಗಿಸುವ ಪದ್ಧತಿ. ಕುದಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನಬೇಡಿ. ಕೆಲವು ಬ್ಯಾಕ್ಟೀರಿಯಾಗಳು ಆಹಾರದಲ್ಲಿ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ.

ಹಲಾಲ್ ಆದರೆ ಸಾಲದು

ಹೊಸ ಊರಿಗೆ ಹೋದಾಗ ನಾವು ತಪ್ಪದೆ ಕೇಳುವ ಪ್ರಶ್ನೆ, "ಹಲಾಲ್ ಇದೆಯಾ?" ಕೇಳಲೇಬೇಕು. ಆದರೆ ಕುರ್‌ಆನ್ ತಿನ್ನುವುದರ ಬಗ್ಗೆ ಹೇಳುವಾಗ ಹಲಾಲ್ ಜೊತೆಗೇ ತಯ್ಯಿಬ್ ಎಂಬ ಮಾತನ್ನೂ ಇಟ್ಟಿದೆ. ಒಳ್ಳೆಯದು, ಶುದ್ಧವಾದದ್ದು ಎಂದು ಅದರ ಅರ್ಥ. ಮೊದಲನೆಯದನ್ನು ಕೇಳಿ ಎರಡನೆಯದನ್ನು ನುಂಗಿಬಿಡುವ ಅಭ್ಯಾಸ ನಮ್ಮದಾಗಿದೆ. ಝಬೀಹಾ ಸರಿಯಿದ್ದು, ಕೈ ತೊಳೆಯದವನು ಬಡಿಸಿದರೆ? ಚರಂಡಿಯ ಪಕ್ಕ ಪಾಯ ಕೆರೆದು ಸ್ವಚ್ಛ ಮಾಡಿದ್ದರೆ? ಶುಚಿತ್ವವನ್ನು ಈಮಾನಿನ ಅರ್ಧವೆಂದು ಮಕ್ಕಳಿಗೆ ಕಲಿಸುವ ಸಮುದಾಯ, ಹೋಟೆಲಿನ ಹಿಂಬದಿಗೆ ಒಮ್ಮೆಯಾದರೂ ಇಣುಕಬೇಕಲ್ಲವೇ?

ಹೋಟೆಲಿನಲ್ಲಿ ನೀವು ನೋಡಬೇಕಾದ್ದು ಹೆಚ್ಚಿಲ್ಲ. ದೇಗಿನ ಕೆಳಗೆ ಉರಿ ಇದೆಯೇ, ತಟ್ಟೆಗೆ ಬಂದ ಶೋರ್ಬಾ ಹೊಗೆಯಾಡುತ್ತಿದೆಯೇ ನೋಡಿ. ದೇಗು ಎಷ್ಟು ಗಂಟೆಗೆ ಇಳಿಯಿತು ಎಂದು ಮರ್ಯಾದೆಯಿಂದ ಕೇಳಿ. ಒಳ್ಳೆಯ ಬಾಬರ್ಚಿ ಇದಕ್ಕೆ ಸಿಟ್ಟಾಗುವುದಿಲ್ಲ. ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಲೈಸೆನ್ಸ್ ಅಥವಾ ನೋಂದಣಿ ಸಂಖ್ಯೆ ಗೋಡೆಯ ಮೇಲೂ ಬಿಲ್ಲಿನಲ್ಲೂ ಇರಬೇಕು. ಬಡಿಸುವವರು ಹಣ ಎಣಿಸಿದ ಕೈಯಲ್ಲೇ ನಾನ್ ಕೊಡುತ್ತಿದ್ದರೆ, ಹಸಿ ಈರುಳ್ಳಿ ಪುದೀನ ಬೆಳಗ್ಗಿನಿಂದ ತೆರೆದೇ ಬಿದ್ದಿದ್ದರೆ ಅವನ್ನು ಬಿಡಿ. ಪುರುಸೊತ್ತಾಗಿ ತಿನ್ನಬೇಕಾದರೆ ಮೊದಲ ಜಮಾತಿನವರೊಡನೆ ಹೋಗಿ ಕೂರಿ. ಎಂಟು ಒಂಬತ್ತರ ಹೊತ್ತಿಗೆ ತಳದಲ್ಲಿ ಉಳಿದದ್ದೇ ನಿಮ್ಮ ಪಾಲಿಗೆ ಬಂದೀತು.

ರಾತ್ರಿಯಿಡೀ ದೇಗು ಕಾಯುವ ಹುಡುಗನನ್ನೂ ಮರೆಯಬೇಡಿ. ಆಹಾರ ಮುಟ್ಟುವ ಪ್ರತಿ ಕೆಲಸಗಾರನಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕೆಂಬ ನಿಯಮವಿದೆ. ಹೋಟೆಲ್ ನಡೆಸುವ ನಮ್ಮ ಬಂಧುಗಳು ಇದನ್ನು ಇನ್ಸ್‌ಪೆಕ್ಟರ್ ಬಂದಾಗ ತೋರಿಸುವ ಕಾಗದ ಎಂದು ನೋಡದೆ, ಕೆಲಸಗಾರನ ಹಕ್ಕು ಮತ್ತು ಗಿರಾಕಿಯ ಅಮಾನತ್ ಎಂದು ನೋಡಬೇಕು. ಭೇದಿಯಾಗಿರುವ ಹುಡುಗನಿಗೆ ಸಂಬಳ ಕಡಿಯದೆ ರಜೆ ಕೊಟ್ಟರೆ ನೂರು ಗಿರಾಕಿಗಳ ಹೊಟ್ಟೆ ಉಳಿಯುತ್ತದೆ.

ಪಾರ್ಸೆಲ್ ಬೇಕೇ ಬೇಕಾದರೆ ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ. ಕುದಿಯುವ, ಕೊಬ್ಬಿನ ಶೋರ್ಬಾವನ್ನು ತೆಳು ಪ್ಲಾಸ್ಟಿಕ್ ಕವರಿಗೆ ಸುರಿಸಿಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಎರಡು ಗಂಟೆಯೊಳಗೆ ತಿನ್ನುವ ಹಾಗಿದ್ದರೆ ಮಾತ್ರ ತನ್ನಿ. ಐದಾರು ತಾಸಿನ ದಾರಿಗೆ ಬೇಡ.

ತಟ್ಟೆಯಲ್ಲಿ ಏನಿದೆ?

ಪಾಯದ ಶೋರ್ಬಾ ಎಲುಬು ಕೂಡಿಸುತ್ತದೆ ಎಂದು ನಮ್ಮ ಖಾಲಾಗಳು, ಫೂಫಿಗಳು ಬಲವಾಗಿ ನಂಬುತ್ತಾರೆ. ಕಾಲು ಮುರಿದವರಿಗೆ, ಬಾಣಂತಿಗೆ ಮೊದಲು ಬರುವುದು ಅದೇ. ಶೋರ್ಬಾ ತಣ್ಣಗಾದರೆ ಜೆಲ್ಲಿಯಂತೆ ಹೆಪ್ಪುಗಟ್ಟುವುದನ್ನು ತೋರಿಸಿ, "ನೋಡು, ಎಷ್ಟು ಕಸುವಿದೆ" ಎನ್ನುತ್ತಾರೆ. ಚರ್ಮ ಮತ್ತು ಕೀಲುಗಳಲ್ಲಿರುವ ಕೊಲ್ಲಾಜೆನ್ ಗಂಟೆಗಟ್ಟಲೆ ಬೆಂದು ಜೆಲಾಟಿನ್ ಆಗಿರುವುದರಿಂದ ಹಾಗೆ ಹೆಪ್ಪುಗಟ್ಟುತ್ತದೆ. ಅದೂ ಪ್ರೋಟೀನೇ, ಆದರೆ ಅಪೂರ್ಣ ಪ್ರೋಟೀನು. ದೇಹಕ್ಕೆ ಅಗತ್ಯವಾದ ಟ್ರಿಪ್ಟೋಫಾನ್ ಅದರಲ್ಲಿಲ್ಲ. ಇನ್ನು ಸುಣ್ಣದ ಅಂಶ ಎಲುಬಿನಿಂದ ನೀರಿಗೆ ಇಳಿಯುವುದು ಬಹಳ ಕಡಿಮೆ. ಒಂದು ಲೋಟ ಹಾಲಿನಲ್ಲಿರುವಷ್ಟು ಕ್ಯಾಲ್ಸಿಯಂ ಒಂದು ಬಟ್ಟಲು ಶೋರ್ಬಾದಲ್ಲಿ ಸಿಗುವುದಿಲ್ಲ. ಬಾಯಿ ಕೆಟ್ಟ ರೋಗಿಗೆ ಬಿಸಿ ಶೋರ್ಬಾ ಹಿತ ಕೊಡುತ್ತದೆ, ಕೊಡಿ. ಆದರೆ ಹಾಲು, ರಾಗಿ, ಬೇಳೆ, ಮೊಟ್ಟೆಯ ಬದಲಿಗೆ ಕೊಡಬೇಡಿ.

ಪೌಷ್ಟಿಕತೆಯ ಬಗ್ಗೆ ದೇಶಕ್ಕೆ ದಾರಿ ಹೇಳುವ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ ಇರುವುದೂ ಹೈದರಾಬಾದಿನಲ್ಲೇ. 1918ರಲ್ಲಿ ಕೂನೂರಿನಲ್ಲಿ ಶುರುವಾದ ಅದು 1958ರಲ್ಲಿ ಅಲ್ಲಿಗೆ ಬಂತು. ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಉಪ್ಪು ಬೇಡವೆಂದು ಅದು ಹೇಳುತ್ತದೆ. ಅಂದರೆ ಒಂದು ಟೀ ಚಮಚ, ಇಡೀ ದಿನಕ್ಕೆ. ಹೋಟೆಲಿನ ಒಂದು ಬಟ್ಟಲು ಸಾಲನ್, ನಾನ್, ಉಪ್ಪಿನಕಾಯಿ ಸೇರಿದರೆ ಬೆಳಗಿನ ನಾಷ್ಟಾದಲ್ಲೇ ಅದರ ದೊಡ್ಡ ಪಾಲು ಮುಗಿಯುತ್ತದೆ. ರಕ್ತದೊತ್ತಡ ಇರುವವರು ಇದನ್ನು ನೆನಪಿಡಬೇಕು.

ಸಕ್ಕರೆ ಕಾಯಿಲೆಯವರು ಮಾಂಸವನ್ನೇ ದೂರುತ್ತಾರೆ. ಅವರ ರಕ್ತದಲ್ಲಿ ಸಕ್ಕರೆ ಥಟ್ಟನೆ ಏರಿಸುವುದು ಮೈದಾದ ನಾನ್, ಕುಲ್ಚಾ. ಅರ್ಧ ನಾನಿಗೆ ನಿಲ್ಲಿಸಿ. ಇನ್ನೊಂದು ಮಾತು: ಇನ್ಸುಲಿನ್ ಚುಚ್ಚಿಕೊಂಡು ಅಥವಾ ಮಾತ್ರೆ ನುಂಗಿ ಹೋಟೆಲ್ ಹುಡುಕಲು ಹೊರಡಬೇಡಿ. ಸರತಿ ಉದ್ದವಾಗಿ ಊಟ ತಡವಾದರೆ ಸಕ್ಕರೆ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ. ಊಟಕ್ಕೆ ಮೊದಲು ತೆಗೆದುಕೊಳ್ಳುವ ಔಷಧಿಯನ್ನು ಜೊತೆಗೆ ಒಯ್ಯಿರಿ. ಸೀಟು ಸಿಕ್ಕಿದ ಮೇಲೆ, ವೈದ್ಯರು ಹೇಳಿದ ಕ್ರಮದಂತೆ ತೆಗೆದುಕೊಳ್ಳಿ.

ಹೃದಯದ ತೊಂದರೆ, ಕೊಲೆಸ್ಟರಾಲ್ ಇರುವವರು ಮೇಲೆ ತೇಲುವ ರೋಗನ್ ಬೇಡವೆನ್ನಬಹುದು. ಕೇಳಿದರೆ ಪಕ್ಕಕ್ಕೆ ಸರಿಸಿ ಬಡಿಸುತ್ತಾರೆ. ಜೊತೆಗೆ ಭೇಜಾ ತರಿಸಬೇಡಿ, ಅದರಲ್ಲಿ ಕೊಲೆಸ್ಟರಾಲ್ ಅತಿ ಹೆಚ್ಚು. ಯೂರಿಕ್ ಆಸಿಡ್ ಏರಿ ಹೆಬ್ಬೆರಳು ಊದುವವರಿಗೆ ಭೇಜಾ, ಕಲೇಜಿ, ಗುರ್ದಾ ಮೂರೂ ನಿಷಿದ್ಧವಿದ್ದಂತೆಯೇ. ಕಿಡ್ನಿ ಕಾಯಿಲೆಯವರು ತಮ್ಮ ವೈದ್ಯರನ್ನು ಕೇಳದೆ ಒಂದು ಬಟ್ಟಲೂ ಕುಡಿಯಬಾರದು.

"ನಮ್ಮ ದಾದಾ ದಿನಾ ತಿಂದು ತೊಂಬತ್ತು ಬದುಕಿದರು"

ಈ ಮಾತು ಎಲ್ಲ ದಸ್ತರ್‌ಖಾನಿನಲ್ಲೂ ಬರುತ್ತದೆ. ನಿಜವೇ ಇರಬಹುದು. ಆದರೆ ದಾದಾ ದಿನಾ ತಿಂದಿರಲಾರರು. ಅಂದಿನ ಮನೆಗಳಲ್ಲಿ ಪಾಯ ಬರುತ್ತಿದ್ದದ್ದು ಚಳಿಗಾಲದಲ್ಲಿ, ಬಕ್ರೀದಿನಲ್ಲಿ, ಯಾರಿಗಾದರೂ ಹುಷಾರಿಲ್ಲದಾಗ. ತಿಂದ ದಿನ ಅವರು ಹೊಲಕ್ಕೋ ಮಂಡಿಗೋ ನಡೆದೇ ಹೋಗುತ್ತಿದ್ದರು. ನಾವು ಹೋಟೆಲಿನ ಬಾಗಿಲಿಗೇ ಬೈಕು ತಾಗಿಸುತ್ತೇವೆ. ಮತ್ತೊಂದು ಮಾತು ಹೇಳಲು ಸಂಕಟವಾಗುತ್ತದೆ. ತೊಂಬತ್ತು ಬದುಕಿದ ದಾದಾರನ್ನು ನಾವು ಊಟದ ಹೊತ್ತಿಗೆ ನೆನೆಯುತ್ತೇವೆ. ಐವತ್ತಕ್ಕೇ ಎದೆ ಹಿಡಿದುಕೊಂಡು ಹೋದ ಅವರ ತಮ್ಮನನ್ನು ಅಲ್ಲಿ ಯಾರೂ ನೆನೆಯುವುದಿಲ್ಲ.

ಹೊಟ್ಟೆಯ ಮೂರನೇ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂದು ಪ್ರವಾದಿ(ಸ)ರವರು ಕಲಿಸಿದ ಅಳತೆ ನಮ್ಮ ಬಳಿಯೇ ಇದೆ. ಎರಡು ತಿಂಗಳಿಗೊಮ್ಮೆ, ಒಂದು ಪ್ಲೇಟನ್ನು ಇಬ್ಬರು ಹಂಚಿಕೊಂಡು ತಿಂದರೆ ನಹಾರಿ ಯಾರ ಶತ್ರುವೂ ಅಲ್ಲ.

ಮನೆಯಲ್ಲೇ ಮಾಡುವವರಿಗೆ

ಹೊರಗೆ ಹುಡುಕುವುದಕ್ಕಿಂತ ಮನೆಯಲ್ಲಿ ಮಾಡುವುದೇ ಕ್ಷೇಮ. ಇದಕ್ಕಾಗಿ ಅಮ್ಮಿ ರಾತ್ರಿಯಿಡೀ ಒಲೆ ಕಾಯಬೇಕಿಲ್ಲ. ಪಾಯವನ್ನು ಸುಟ್ಟು ಕೂದಲು ತೆಗೆದು, ಹಿಟ್ಟು ಅರಿಸಿನ ಹಚ್ಚಿ ಉಜ್ಜಿ ತೊಳೆಯಿರಿ. ಒಮ್ಮೆ ಕುದಿಸಿ ಆ ಮೊದಲ ನೀರು ಚೆಲ್ಲಿರಿ. ಆಮೇಲೆ ಪ್ರೆಶರ್ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಲಿ. ಹಸಿ ಪಾಯ ಕೊಚ್ಚಿದ ಹಲಗೆ, ಚೂರಿಯಲ್ಲಿ ಕೊತ್ತಂಬರಿ, ಈರುಳ್ಳಿ ಹೆಚ್ಚಬೇಡಿ. ಮೊದಲು ಸಾಬೂನು ಹಾಕಿ ತೊಳೆಯಿರಿ. ಉಳಿದ ಶೋರ್ಬಾವನ್ನು ಅಗಲವಾದ ಸಣ್ಣ ಪಾತ್ರೆಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಇಡಿ. ಮರುದಿನ ಮೇಲೆ ಹೆಪ್ಪುಗಟ್ಟಿದ ಬಿಳಿ ಕೊಬ್ಬನ್ನು ಚಮಚದಲ್ಲಿ ತೆಗೆದು ಹಾಕಿ, ಬೇಕಾದಷ್ಟನ್ನೇ ಚೆನ್ನಾಗಿ ಕುದಿಸಿ ಬಡಿಸಿ. ಎರಡನೇ ಸಲ ಉಳಿದರೆ ಚೆಲ್ಲಿಬಿಡಿ.

ಇಷ್ಟಾದರೂ ಯಾರಿಗಾದರೂ ಭೇದಿ ಶುರುವಾದರೆ ಮೊದಲ ಔಷಧಿ ಓಆರ್‌ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕೊಡುತ್ತಿರಿ. ಮೆಡಿಕಲ್ ಶಾಪಿನವರು ಕೊಟ್ಟ ಆಂಟಿಬಯಾಟಿಕ್ ನುಂಗಿಸಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ನಿಲ್ಲದ ವಾಂತಿ, ಮಂಪರು, ಮೂತ್ರ ಕಟ್ಟುವುದು ಕಂಡರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಹಿರಿಯರಿದ್ದರೆ ಇವುಗಳಿಗೆ ಕಾಯುವುದೂ ಬೇಡ. ನಮ್ಮ ದಾದಿಯ ವಿಷಯದಲ್ಲಿ ನಾವು ಅರ್ಧ ದಿನ ಕಾದೆವು. ಅದನ್ನು ನೆನೆದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ.

ಮುಂದಿನ ಸಲ ಹೈದರಾಬಾದಿಗೆ ಹೋದಾಗ ಒಂದು ಕೆಲಸ ಮಾಡಿ. ರಾತ್ರಿ ಹಗುರವಾಗಿ ಉಂಡು ಬೇಗ ಮಲಗಿ. ಫಜ್ರ್ ನಮಾಝನ್ನು ಮಕ್ಕಾ ಮಸೀದಿಯಲ್ಲೋ ನೀವು ಇಳಿದುಕೊಂಡಿರುವ ಮೊಹಲ್ಲಾದ ಮಸೀದಿಯಲ್ಲೋ ಮಾಡಿ. ಅಲ್ಲಿಂದ ಹೋಟೆಲಿಗೆ ಆಟೋ ಹಿಡಿಯದೆ ನಡೆದೇ ಹೋಗಿ. ಉರಿಯ ಮೇಲಿನ ದೇಗಿನಿಂದ ಒಂದು ಪ್ಲೇಟ್ ತರಿಸಿ, ಅಬ್ಬಾರೊಡನೆ ಹಂಚಿಕೊಂಡು, ಬಿಸ್ಮಿಲ್ಲಾ ಎಂದು ತಿನ್ನಿ. ತಿಂದ ಮೇಲೆ ಮತ್ತೆ ಅರ್ಧ ಗಂಟೆ ನಡೆಯಿರಿ. ಊರಿನವರಿಗೆ ಪಾರ್ಸೆಲ್ ತರಬೇಡಿ. ಮಾಡುವ ವಿಧಾನ ಕೇಳಿಕೊಂಡು ಬಂದು ಮನೆಯಲ್ಲಿ ನೀವೇ ಮಾಡಿ ಬಡಿಸಿ. ಅಲ್ಲಾಹನು ನಮ್ಮ ಹಿರಿಯರ ಆರೋಗ್ಯವನ್ನೂ, ನಮ್ಮ ಮಕ್ಕಳ ಮುಂಜಾವನ್ನೂ ಕಾಪಾಡಲಿ. ಆಮೀನ್.